ಆಯಿಯ ಮಣೆಗೆ ಪಿಯು ಯಾಕ್ರೀ?

ಶಹಾಪುರದ ಮನೆಯ ಅಟ್ಟದ ಮೇಲೆ ಬಿದ್ದಿದ್ದ ಆಯಿಯ ಅಳಗುಳಿ ಮಣೆಯನ್ನು ಬೆಂಗಳೂರಿಗೆ ತಂದೆ. ಒಡೆದ ಮೂಲೆಗೆ ತುಂಡು ಕೂಡಿಸಿ, ನಾಲ್ಕು ಕಾಲು ಹಚ್ಚಿಸಿ ಟೇಬಲ್ ಮಾಡಿಸಿದೆ. ಇನ್ನು ಮೇಲೆ ಏನು ಹಚ್ಚೋದು? ಆಫೀಸಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: 'ಪಿಯು ಹೊಡೆಸು ಗುರು, ತಲೆನೋವಿಲ್ಲ.' ಪಿಯು ಅಂದ್ರೆ ಪಾಲಿಯುರೆಥೇನ್, ಗಾಜಿನಂಥ ಲೇಪ.

ನಾನೂ ಒಪ್ಪಿ ಪಾಲಿಶ್ ಶೆಡ್ಡಿಗೆ ಹೋದೆ. ಒಬ್ಬ ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಯಾರದೋ ವಾರ್ಡ್‌ರೋಬಿಗೆ ಸ್ಪ್ರೇ ಹೊಡೀತಿದ್ದ. ಮಾತಿನ ಧಾಟಿ ಕೇಳಿ 'ಯಾವೂರಪಾ ತಮ್ಮಾ?' ಅಂದೆ. 'ಸುರಪುರ ಕಡೆ ರೀ ಅಣ್ಣಾ' ಅಂದ, ಕೆಮ್ಮಿದ.

ಮಣೆ ಎತ್ತಿಕೊಂಡು ವಾಪಸ್ ಬಂದೆ.

ಸ್ಪ್ರೇ ಮಾಡುವ ಎರಡು ಡಬ್ಬಿಯ ಪಿಯುಗೆ ಹಾರ್ಡ್‌ನರ್ ಬೆರೆಸ್ತಾರಲ್ಲ, ಅದರಲ್ಲಿರೋದು ಐಸೊಸಯನೇಟ್. ಅದರ ಮಂಜು ಕುಡಿದವರಿಗೆ ಉಬ್ಬಸ ಅಂಟಿಕೊಳ್ಳಬಹುದು. ಒಮ್ಮೆ ಅಂಟಿದರೆ ಮುಂದೆ ಕೊಂಚ ಸೋಕಿದರೂ ಉಸಿರು ಕಟ್ಟುತ್ತೆ. ಕರ್ಚೀಫು ಅದನ್ನು ತಡೆಯಲ್ಲ. ಮರಕ್ಕೆ 'ಪ್ರೊಟೆಕ್ಷನ್' ಬೇಕು ಅಂತ ನಾವು ಮೂರು ಕೋಟಿಗೆ ಚೌಕಾಸಿ ಮಾಡ್ತೀವಿ. ಯಾದಗಿರಿ ಜಿಲ್ಲೆಯಿಂದ ಬಸ್ಸು ತುಂಬಿ ದುಡಿಯೋಕೆ ಬರುವವರ ಎದೆಗೆ ಎಷ್ಟು ಕೋಟು?

'ನೀರಿನ ಪಿಯು ಇದೆಯಲ್ಲ, ಬ್ರಷ್ಷಲ್ಲಿ ಹಚ್ಚಬಹುದು' ಅಂತೀರಿ. ಇದೆ. ಊಟದ ಟೇಬಲ್‌ಗೆ ಧಾರಾಳವಾಗಿ ಹಚ್ಚಿ. ಆದರೆ ಇದು ಕೈಯೆಣ್ಣೆ ಕುಡಿದು ಕುಡಿದು ನುಣುಪಾದ ಮಣೆ. ಅದರ ಮೇಲೆ ಇಂಥ ಪೊರೆ ಸರಿಯಾಗಿ ಕಚ್ಚಬೇಕಾದರೆ ಮೊದಲು ಬರೀ ಮರ ಕಾಣುವಷ್ಟು ಉಜ್ಜಬೇಕು. ಉಜ್ಜಿದರೆ ಹೋಗೋದು ಆಯಿಯ ಬೆರಳು ಸವೆಸಿದ ಹದಿನಾಲ್ಕು ಗುಳಿಗಳ ಅಂಚು! ಅದನ್ನೇ ಉಳಿಸೋಕೆ ತಾನೆ ಈ ಖರ್ಚೆಲ್ಲ?

ನಾನು ಹಚ್ಚಿದ್ದು ಗಾಣದ ಅಗಸೆ ಎಣ್ಣೆ. ನಮ್ಮ ಕಡೆ ರೊಟ್ಟಿ ಜೊತೆ ತಿನ್ನೋ ಅಗಸಿ ಹಿಂಡಿಯ ಅದೇ ಅಗಸೆ. ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಬೇಕು. ಒಣಗೋಕೆ ವಾರ ಮೇಲಾಗುತ್ತೆ, ಆಮೇಲೆ ಮತ್ತೊಂದು ಕೈ. ಸ್ಪ್ರಿಂಟ್ ಮುಗಿಯೋದರೊಳಗೆ ಡೆಲಿವರಿ ಬೇಕು ಅನ್ನೋರಿಗೆ ಇದು ಆಗಿಬರಲ್ಲ. ಹಾಂ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೀಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಬಿಡಿಸಿ ಹೊರಗೆ ಒಣಹಾಕಿ.

ಬಿಸಿ ಚಾ ಲೋಟ ಇಟ್ಟರೆ ಕಲೆ ಬೀಳುತ್ತೆ, ಸುಳ್ಳು ಹೇಳಲ್ಲ. ಬಿದ್ದಲ್ಲಿ ಸ್ವಲ್ಪ ಉಜ್ಜಿ ಮತ್ತೆ ಎಣ್ಣೆ ಹಚ್ಚಿದರಾಯ್ತು. ಪಿಯು ಸಿಪ್ಪೆ ಎದ್ದರೆ ಮಾತ್ರ ಮತ್ತೆ ಶೆಡ್ಡು, ಮತ್ತೆ ಅದೇ ಹುಡುಗ.

ಸ್ಪ್ರೇ ಬೇಕೇ ಬೇಕು ಅಂದರೆ ಕೊಟೇಶನ್ನಿನಲ್ಲಿ ಒಂದು ಸಾಲು ಸೇರಿಸಿ: ಹೊಡೆಯುವವನಿಗೆ ಹೊರಗಿನ ಗಾಳಿ ಒದಗಿಸುವ ಮಾಸ್ಕು, ಖರ್ಚು ನಮ್ಮದು. ನಾನು ಅವತ್ತು ಕೇಳಿದ್ದಕ್ಕೆ ಕಾಂಟ್ರಾಕ್ಟರ್ ನಕ್ಕುಬಿಟ್ಟ. 'ಅವ್ರಿಗೆ ಅಭ್ಯಾಸ ಆಗೋಗಿದೆ ಸಾರ್.'