ರಾಜಕೀಯ ವಾದದಲ್ಲಿ ಅಂಗನಿಂದೆ

ಪ್ರಜಾಪ್ರಭುತ್ವವು ಮಾತಿನ ಆಧಾರದ ಮೇಲೆ ನಿಂತಿರುವ ರಾಜ್ಯಪದ್ಧತಿಯೆಂಬುದು ಸರ್ವಸಮ್ಮತವಾದ ವಿಚಾರ. ಅರಸರ ಕಾಲದಲ್ಲಿ ಕತ್ತಿಯು ತೀರ್ಮಾನಿಸುತ್ತಿದ್ದುದನ್ನು ಈಗ ಮಾತು ತೀರ್ಮಾನಿಸಬೇಕಾಗಿದೆ. ಒಬ್ಬನು ಪಕ್ಷವನ್ನು ಹೇಳುತ್ತಾನೆ. ಮತ್ತೊಬ್ಬನು ಪ್ರತಿಪಕ್ಷವನ್ನು ಹೇಳುತ್ತಾನೆ. ಇಬ್ಬರ ಯುಕ್ತಿಗಳನ್ನೂ ತೂಗಿ ನೋಡಿ ಪ್ರಜೆಗಳು ಮತವನ್ನು ಕೊಡತಕ್ಕದ್ದು. ಆದಕಾರಣ ಮಾತು ಕೆಟ್ಟರೆ ರಾಜ್ಯವೇ ಕೆಟ್ಟಂತೆ. ನಮ್ಮ ರಾಜಕೀಯ ಭಾಷೆಯು ಅನೇಕ ವಿಧಗಳಲ್ಲಿ ಕೆಟ್ಟಿರುವುದನ್ನು ಎಲ್ಲರೂ ಬಲ್ಲರು. ಆ ಕೇಡುಗಳಲ್ಲಿ ಅತ್ಯಂತ ಹೇಯವಾದರೂ ವಿದ್ಯಾವಂತರು ಸಹ ಕೇಡೆಂದು ಎಣಿಸದಿರುವ ಒಂದನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ನಿಷ್ಠುರವಾಗಿಯೇ ಹೇಳಬೇಕೆಂದಿದ್ದೇನೆ. ಎದುರಾಳಿಯನ್ನು ಹೀಯಾಳಿಸುವುದಕ್ಕಾಗಿ ಅಂಗವೈಕಲ್ಯದ ಹೆಸರುಗಳನ್ನು ಬಳಸುವುದೇ ಆ ಕೇಡು.

ಚುನಾವಣೆಯ ಕಾಲದಲ್ಲಿ ನಮ್ಮ ಕೊಡಿಗೇಹಳ್ಳಿಯ ಬೀದಿಯಲ್ಲಿ ನಿಂತು ಒಂದು ಗಂಟೆ ಧ್ವನಿವರ್ಧಕವನ್ನು ಕೇಳಿದರೆ ಸಾಕು. ಆಳುವ ಸರ್ಕಾರವು ಕಿವುಡು, ವಿರೋಧಪಕ್ಷವು ಕುರುಡು, ಉತ್ತರ ಕೊಡದ ಮಂತ್ರಿಯು ಮೂಗ, ಅನ್ಯಪಕ್ಷದ ಬೆಂಬಲದಿಂದ ನಡೆಯುವ ಮಂತ್ರಿಮಂಡಲವು ಕುಂಟು, ಭಿನ್ನಾಭಿಪ್ರಾಯವುಳ್ಳವನು ಹುಚ್ಚ. ಇದು ಯಾವುದೋ ಒಂದು ಪಕ್ಷದ ದೋಷವಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಎಲ್ಲ ಪಕ್ಷಗಳಿಗೂ ಪೂರ್ಣವಾದ ಐಕಮತ್ಯವಿದೆ. ಅಂತಹ ಒಂದು ಸಭೆಯಲ್ಲಿ ಭಾಷಣಕಾರರು ಎದುರಾಳಿಯನ್ನು ಕುಂಟನೆಂದು ಜರೆದು ಕರತಾಡನ ಪಡೆಯುತ್ತಿದ್ದಾಗ, ಅದೇ ಪಕ್ಷದ ಬಾವುಟವನ್ನು ಹಿಡಿದು ಮುಂದಿನ ಸಾಲಿನಲ್ಲಿದ್ದವನು ಊರುಗೋಲಿನ ಮೇಲೆ ನಿಂತಿದ್ದ ಒಬ್ಬ ತರುಣ. ಬೆಳಗಿನಿಂದ ಮನೆಮನೆಗೂ ಕರಪತ್ರ ಹಂಚಿದವನು. ಜನರೊಡನೆ ಅವನೂ ನಕ್ಕನು. ನಗದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಆ ನಗೆಯನ್ನು ಸಮ್ಮತಿಯೆಂದು ಎಣಿಸುವುದು ಎರಡನೆಯ ಅನ್ಯಾಯ.

ಇದು ಒಬ್ಬ ಮೇಷ್ಟರ ವೈಯಕ್ತಿಕವಾದ ಸೂಕ್ಷ್ಮತೆಯೆಂದು ಯಾರೂ ತಳ್ಳಿಹಾಕುವಂತಿಲ್ಲ. ೨೦೨೩ನೆಯ ಡಿಸೆಂಬರಿನಲ್ಲಿ ಭಾರತದ ಚುನಾವಣಾ ಆಯೋಗವೇ ರಾಜಕೀಯ ಪಕ್ಷಗಳಿಗೆ ಸೂಚನೆಗಳನ್ನು ಹೊರಡಿಸಿ, ಕುರುಡ, ಕಿವುಡ, ಮೂಗ, ಕುಂಟ, ಹುಚ್ಚ ಎಂಬ ಅರ್ಥದ ಪದಗಳನ್ನು ಭಾಷಣದಲ್ಲಾಗಲಿ ಬರಹದಲ್ಲಾಗಲಿ ಹೀಯಾಳಿಕೆಗಾಗಿ ಬಳಸಕೂಡದೆಂದು ತಿಳಿಸಿತು. ಅಂಗವೈಕಲ್ಯವುಳ್ಳವರ ಹಕ್ಕುಗಳನ್ನು ಕುರಿತ ೨೦೧೬ರ ಶಾಸನದ ೯೨ನೆಯ ಕಲಮಿನಂತೆ, ಅಂತಹ ವ್ಯಕ್ತಿಯನ್ನು ಸಾರ್ವಜನಿಕರ ಎದುರಿನಲ್ಲಿ ಅಪಮಾನಗೊಳಿಸುವ ಉದ್ದೇಶದಿಂದ ನಿಂದಿಸಿದವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳ ವರೆಗಿನ ಕಾರಾಗೃಹವಾಸವೂ ಜುಲ್ಮಾನೆಯೂ ಉಂಟು. ಆದರೆ ಕಣ್ಣುಳ್ಳ ಮಂತ್ರಿಯನ್ನು ಕುರುಡನೆಂದು ಬೈದಾಗ ಈ ಕಲಮು ಅಲ್ಲಿಗೆ ಮುಟ್ಟುವುದು ಕಷ್ಟ. ಶಾಸನದ ಕೈ ನಿಂತಲ್ಲಿಂದ ಮುಂದೆ ಸಭ್ಯತೆಯ ಕೆಲಸ. ಅಂದರೆ ನಮ್ಮ ಕೆಲಸ.

ಮೊದಲು ಇದನ್ನು ತರ್ಕದೃಷ್ಟಿಯಿಂದ ಪರೀಕ್ಷಿಸೋಣ. ನ್ಯಾಯಸೂತ್ರಕಾರರು ಚರ್ಚೆಯನ್ನು ವಾದ, ಜಲ್ಪ, ವಿತಂಡೆಯೆಂದು ಮೂರಾಗಿ ವಿಂಗಡಿಸಿದ್ದಾರೆ. ಪ್ರಮಾಣ ಮತ್ತು ತರ್ಕಗಳಿಂದ ಸತ್ಯವನ್ನು ಅರಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ಛಲವನ್ನೂ ಕುಯುಕ್ತಿಯನ್ನೂ ಹೂಡುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಪರರದನ್ನು ಕೆಡಹುವುದಷ್ಟೇ ವಿತಂಡೆ. ಅಂಗನಿಂದೆಗೆ ಈ ಮೂರರಲ್ಲಿ ಕೊನೆಯ ಸ್ಥಾನವೂ ದೊರೆಯದು. ಏಕೆಂದರೆ ವಿತಂಡಾವಾದಿಯಾದರೂ ಎದುರಾಳಿಯ ಮಾತನ್ನು ಕೇಳಿ ಅದಕ್ಕೆ ದೋಷವನ್ನು ಹೇಳುತ್ತಾನೆ. ‘ನೀನು ಕಿವುಡ’ ಎಂಬವನು ಎದುರಾಳಿಯ ಯಾವ ಮಾತನ್ನೂ ಮುಟ್ಟಿರುವುದಿಲ್ಲ. ಇನ್ನು ದೃಷ್ಟಾಂತವೆಂಬುದು ಲೌಕಿಕನಿಗೂ ಪರೀಕ್ಷಕನಿಗೂ ಸಮಾನವಾಗಿ ಒಪ್ಪಿಗೆಯಾದುದಾಗಿರಬೇಕೆಂದು ಅದೇ ಶಾಸ್ತ್ರವು ವಿಧಿಸುತ್ತದೆ. ಕುರುಡುತನವೆಂದರೆ ಅಜ್ಞಾನ, ಮೂಗತನವೆಂದರೆ ಹೇಡಿತನ ಎಂಬ ದೃಷ್ಟಾಂತವನ್ನು ಯಾವ ಪರೀಕ್ಷಕನು ಒಪ್ಪಿಯಾನು? ಗದುಗಿನ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ದೃಷ್ಟಿಹೀನರು. ಸಂಗೀತದಲ್ಲಿ ಈ ನಾಡಿನ ಕಣ್ಣುಳ್ಳವರು ಅವರ ಬಳಿಗೆ ಪಾಠಕ್ಕೆ ಹೋದರು. ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಅಂಥವರಿದ್ದ ನಾಡಿನಲ್ಲಿ ಕುರುಡನೆಂಬುದು ಅಜ್ಞನಿಗೆ ಪರ್ಯಾಯಪದವಾಗಿರುವುದು ಭಾಷೆಯ ದೋಷವಲ್ಲ, ಆಡುವವರ ಅವಿವೇಕ.

ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಈ ಲೇಖನದ ತಾತ್ಪರ್ಯವೂ ಅದೇ. ಅಂಗನಿಂದೆಯು ನಿರಪರಾಧಿಯನ್ನು ದಂಡಿಸುವುದು ಮಾತ್ರವಲ್ಲ, ಅಪರಾಧಿಯನ್ನು ಬಿಡುಗಡೆಮಾಡುತ್ತದೆ. ಅರ್ಜಿಗಳನ್ನು ಕೊಟ್ಟರೂ ಕದಲದ ಸರ್ಕಾರವನ್ನು ‘ಕಿವುಡು ಸರ್ಕಾರ’ವೆಂದು ಪತ್ರಿಕೆಗಳು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡುತ್ತವೆ. ಕಿವುಡನಾದವನು ಕೇಳಲಾರನು; ಕೇಳಲಾರದವನ ಮೇಲೆ ತಪ್ಪೇನು? ಆದರೆ ಆ ಸರ್ಕಾರಕ್ಕೆ ಕೇಳಿಸಿತ್ತು. ಅರ್ಜಿಯು ತಲಪಿತ್ತು, ಕಡತದಲ್ಲಿ ಸೇರಿತ್ತು, ಮೇಲಧಿಕಾರಿಯ ಮೇಜಿನ ಮೇಲೆ ಮಲಗಿತ್ತು. ಕೇಳಿಯೂ ಮಾಡದಿದ್ದುದು ಅಪರಾಧ. ಅದನ್ನು ಕಿವುಡುತನವೆಂದು ಕರೆದ ಕೂಡಲೇ ಕರ್ತವ್ಯಲೋಪವು ದೈವಕೃತವಾದ ನ್ಯೂನತೆಯಾಗಿ ಮಾರ್ಪಡುತ್ತದೆ. ಹಾಗೆಯೇ ಲಂಚವನ್ನು ಕಂಡೂ ಸುಮ್ಮನಿದ್ದ ಅಧಿಕಾರಿಯು ಕುರುಡನಲ್ಲ. ಅವನು ಕಂಡವನು, ಆದ್ದರಿಂದಲೇ ಪಾಲುಗಾರ. ಸದನದಲ್ಲಿ ಬಾಯಿಬಿಡದ ಪ್ರತಿನಿಧಿಯು ಮೂಗನಲ್ಲ. ನಾಲಗೆಯಿದ್ದೂ ಸ್ವಾರ್ಥಕ್ಕಾಗಿ ಅದನ್ನು ಅಡವಿಟ್ಟವನು. ನಮ್ಮ ವಾಗ್ಮಿಗಳು ತಾವು ಕಠೋರವಾಗಿ ಬೈದೆವೆಂದು ಭ್ರಮಿಸುತ್ತಾರೆ. ವಾಸ್ತವವಾಗಿ ಅವರು ತಪ್ಪಿತಸ್ಥನಿಗೆ ಒಂದು ನೆಪವನ್ನು ದಾನಮಾಡಿ ಬಂದಿರುತ್ತಾರೆ.

ಮಗನಿಗೆ ಪದವಿಯನ್ನು ಗಿಟ್ಟಿಸುವ ಮುಖಂಡನನ್ನು ಧೃತರಾಷ್ಟ್ರನೆನ್ನುವುದು ನಮ್ಮಲ್ಲಿ ಹಳೆಯ ವಾಡಿಕೆ. ಧೃತರಾಷ್ಟ್ರನ ಅಪರಾಧವು ಪುತ್ರವ್ಯಾಮೋಹವೇ ಹೊರತು ಕಣ್ಣಿಲ್ಲದಿರುವುದಲ್ಲ. ವಿದುರನ ಹಿತೋಕ್ತಿಯೆಲ್ಲ ಅವನ ಕಿವಿಗೆ ಬಿದ್ದಿತ್ತು. ದ್ಯೂತಸಭೆಯಲ್ಲಿ ದ್ರೌಪದಿಯ ಅಪಮಾನವನ್ನು ನೋಡುತ್ತ ಕುಳಿತಿದ್ದ ಭೀಷ್ಮದ್ರೋಣರಿಗೆ ಕಣ್ಣುಗಳಿದ್ದವು, ದುರ್ಯೋಧನನಿಗೂ ಇದ್ದವು. ಇನ್ನು ‘ಕುರುಡನ ಮಗನು ಕುರುಡ’ನೆಂದು ದ್ರೌಪದಿಯು ನಕ್ಕಳೆಂಬ ಮಾತು ನಾಟಕಗಳಿಂದಲೂ ದೂರದರ್ಶನದಿಂದಲೂ ಮನೆಮಾತಾಗಿದೆ, ವ್ಯಾಸಭಾರತದ ಪರಿಶೋಧಿತ ಆವೃತ್ತಿಯಲ್ಲಿ ಆ ಮಾತಿಲ್ಲ. ಮೂಲದಲ್ಲಿಲ್ಲದ ಅಂಗನಿಂದೆಯನ್ನು ನಾವೇ ಸೇರಿಸಿ, ಅದನ್ನು ರಸವತ್ತಾದ ಪ್ರಸಂಗವೆಂದು ಮಕ್ಕಳಿಗೆ ಹೇಳುತ್ತಿದ್ದೇವೆ.

ಬೆಂಗಳೂರಿನವರಿಗೆ ಇನ್ನೊಂದು ಪ್ರತ್ಯೇಕವಾದ ಬೈಗುಳವಿದೆ: ‘ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು.’ ವಿಧಾನಸೌಧದ ಮೆಟ್ಟಿಲಿನಿಂದ ಹಿಡಿದು ಬೀದಿಯ ಕಾಫಿ ಅಂಗಡಿಯ ವರೆಗೆ ಇದು ನಡೆಯುತ್ತದೆ. ಹಿಂದಿನ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಒಂದುಗೂಡಿಸಿ ೧೯೭೪ರಲ್ಲಿ ಸ್ಥಾಪಿಸಿದ ಆ ಸಂಸ್ಥೆಗೆ ದೂರದ ರಾಜ್ಯಗಳಿಂದಲೂ ಜನರು ಚಿಕಿತ್ಸೆಗಾಗಿ ಬರುತ್ತಾರೆ. ಅದೇ ಸಂಸ್ಥೆಯು ೨೦೧೫–೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆಬೇರೆ ಮನೋವ್ಯಾಧಿಗಳುಳ್ಳವರಲ್ಲಿ ನೂರಕ್ಕೆ ೭೦ರಿಂದ ೯೨ ಮಂದಿಯ ವರೆಗೆ ಚಿಕಿತ್ಸೆಯಿಲ್ಲದೆ ಇರುವರೆಂದು ಕಂಡುಬಂದಿತು. ವೈದ್ಯರ ಅಭಾವ, ಹಣದ ಅಭಾವ ಮೊದಲಾದ ಕಾರಣಗಳೊಡನೆ ಲೋಕಾಪವಾದದ ಭಯವೂ ಒಂದು ಕಾರಣ. ಮುಖಂಡರು ನಗೆಯಾಡಿಕೊಳ್ಳುವ ಆ ಬಾಗಿಲಿಗೆ ಮಗಳನ್ನು ಕರೆದುಕೊಂಡು ಹೋಗುವುದು ಹೇಗೆಂದು ತಾಯಿಯೊಬ್ಬಳು ಹಿಂಜರಿದರೆ, ಆ ವಿಲಂಬದಲ್ಲಿ ಆ ನಗೆಗೂ ಪಾಲಿದೆ.

ಇಲ್ಲಿ ಕೆಲವು ಆಕ್ಷೇಪಣೆಗಳು ಬರುವುದು ಸಹಜ. ‘ಇವೆಲ್ಲ ಗಾದೆಗಳು, ರೂಢಿಯ ಮಾತುಗಳು, ಶಾಸ್ತ್ರಕಾರರೇ ಅಂಧಪರಂಪರಾನ್ಯಾಯವೆಂದು ಹೇಳಲಿಲ್ಲವೆ?’ ಎಂಬುದು ಮೊದಲನೆಯದು. ಹೇಳಿರುವುದು ನಿಜ. ಆದರೆ ಅದೇ ಪರಂಪರೆಯಲ್ಲಿ ಸಾಂಖ್ಯರ ಅಂಧಪಂಗುನ್ಯಾಯವೂ ಇದೆ. ಅಲ್ಲಿ ನಡೆಯಬಲ್ಲ ಕುರುಡನೂ ನೋಡಬಲ್ಲ ಕುಂಟನೂ ಪರಸ್ಪರ ನೆರವಾಗಿ ಗುರಿಯನ್ನು ಸೇರುತ್ತಾರೆ. ಇಬ್ಬರಲ್ಲಿ ಒಬ್ಬರಿಗೂ ನಿಂದೆಯಿಲ್ಲ. ಎರಡು ನ್ಯಾಯಗಳಿರುವಾಗ ಕೀಳಾದುದನ್ನೇ ಆರಿಸಿಕೊಂಡು ಪೂರ್ವಿಕರ ಮೇಲೆ ಹೊರಿಸುವುದು ಸರಿಯಲ್ಲ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆಯು ಹಳೆಯದೆಂಬುದು ಅದಕ್ಕೆ ವಯಸ್ಸಾಗಿದೆಯೆಂಬುದಕ್ಕೆ ಪ್ರಮಾಣವೇ ಹೊರತು ಸತ್ಯವೆಂಬುದಕ್ಕೆ ಅಲ್ಲ.

‘ಹೀಗೆ ಒಂದೊಂದು ಪದವನ್ನೂ ಕಿತ್ತುಹಾಕಿದರೆ ಭಾಷೆಯು ಸತ್ತ್ವಹೀನವಾಗುವುದು, ರಾಜಕೀಯವು ಉಪಚಾರದ ಮಾತಾಗುವುದು’ ಎಂಬುದು ಎರಡನೆಯದು. ಇದು ಗೌರವಕ್ಕೂ ಮೆತ್ತನೆಯ ಮಾತಿಗೂ ವ್ಯತ್ಯಾಸವರಿಯದವರ ಆಕ್ಷೇಪ. ಸುಳ್ಳುಗಾರ, ಲಂಚಕೋರ, ವಚನಭ್ರಷ್ಟ, ಜನದ್ರೋಹಿ ಎಂಬ ಪದಗಳು ಕನ್ನಡದಲ್ಲಿ ಇಲ್ಲವೆ? ಪ್ರಮಾಣವಿದ್ದರೆ ಅವುಗಳನ್ನು ಧಾರಾಳವಾಗಿ ಪ್ರಯೋಗಿಸಲಿ. ಅವು ಅಂಗನಿಂದೆಗಿಂತ ಕಠೋರವಾದವು. ಆದರೆ ಅವುಗಳಿಗೆ ಪ್ರಮಾಣ ಬೇಕು. ಕುರುಡನೆನ್ನುವುದಕ್ಕೆ ಯಾವ ಪ್ರಮಾಣವೂ ಬೇಡ. ಸೋಮಾರಿಗಳಿಗೆ ಅದು ಪ್ರಿಯವಾಗಿರುವುದು ಆದ್ದರಿಂದಲೇ.

‘ಹಾಸ್ಯಕ್ಕಾಗಿ ಆಡಿದ ಮಾತಿಗೆ ಇಷ್ಟು ವಿಚಾರಣೆಯೇಕೆ?’ ಎಂಬುದು ಮೂರನೆಯದು. ಚಲಚ್ಚಿತ್ರವೊಂದನ್ನು ಕುರಿತ ವ್ಯಾಜ್ಯದಲ್ಲಿ ೨೦೨೪ನೆಯ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವೈಕಲ್ಯವನ್ನು ಅರಿಯುವಂತೆ ಮಾಡುವ ಹಾಸ್ಯಕ್ಕೂ ವೈಕಲ್ಯವುಳ್ಳವರನ್ನು ಕೀಳುಗಳೆಯುವ ಹಾಸ್ಯಕ್ಕೂ ಭೇದವನ್ನು ಸ್ಪಷ್ಟಪಡಿಸಿತು. ತನ್ನ ಊರುಗೋಲಿನ ವಿಷಯದಲ್ಲಿ ಅವನೇ ನಗಬಹುದು; ಅವನ ಊರುಗೋಲಿನಿಂದ ನಾವು ಮತ್ತೊಬ್ಬನನ್ನು ಹೊಡೆಯಬಾರದು.

ಈ ವಿವೇಕವನ್ನು ಪಾಶ್ಚಾತ್ಯರಿಂದ ಬಂದ ಹೊಸ ಮಡಿಯೆನ್ನುವವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ವಾಕ್ಪಾರುಷ್ಯಪ್ರಕರಣವನ್ನು ಓದಬೇಕು. ಒಕ್ಕಣ್ಣನನ್ನು ಒಕ್ಕಣ್ಣನೆಂದು, ಕುಂಟನನ್ನು ಕುಂಟನೆಂದು ಜರೆದರೆ, ಅದು ನಿಜವಾದರೂ, ಮೂರು ಪಣ ದಂಡ; ಸುಳ್ಳಾದರೆ ಆರು ಪಣ; ‘ಎಂತಹ ಸುಂದರವಾದ ಕಣ್ಣು’ ಎಂದು ಹೊಗಳಿಕೆಯ ವೇಷದಲ್ಲಿ ನಿಂದಿಸಿದರೆ ಹನ್ನೆರಡು ಪಣ. ಮನುವೂ ಅಂಗಹೀನರನ್ನು ಆಕ್ಷೇಪಿಸಕೂಡದೆಂದು ನಿಷೇಧಿಸಿದ್ದಾನೆ. ಆದರೆ ಅರ್ಧಸತ್ಯವನ್ನು ಹೇಳಿ ಹೆಮ್ಮೆಪಡುವುದು ತರವಲ್ಲ. ಅದೇ ಮನುಸ್ಮೃತಿಯು ಹುಟ್ಟುಕುರುಡರಿಗೂ ಕಿವುಡರಿಗೂ ಮೂಗರಿಗೂ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಅನ್ನವಸ್ತ್ರ ಮಾತ್ರವೆಂದು ವಿಧಿಸಿತು. ಯಾವ ರೋಗವೂ ಯಾವ ಅಂಗದೋಷವೂ ದಾಯಕ್ಕೆ ಅಡ್ಡಿಯಲ್ಲವೆಂದು ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದ ೨೮ನೆಯ ಕಲಮು ಸಾರಬೇಕಾಯಿತು. ಕೀಳೆಂಬ ಭಾವವು ನಾಲಗೆಯ ಮೇಲೆ ಮಾತ್ರ ಉಳಿಯುವುದಿಲ್ಲ. ಅದು ಇಳಿದು ಬಂದು ಹೊಲದ ಪತ್ರವನ್ನೂ ಮತಗಟ್ಟೆಯ ಮೆಟ್ಟಿಲನ್ನೂ ಮುಟ್ಟುತ್ತದೆಂಬುದಕ್ಕೆ ಇದೇ ನಿದರ್ಶನ.

ಹಾಗಾದರೆ ಹೊಗಳಿಕೆಯ ಹೆಸರಿಟ್ಟರೆ ಸಾಕೆ? ೨೦೧೫ನೆಯ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ‘ದಿವ್ಯಾಂಗ’ವೆಂಬ ಹೆಸರನ್ನು ಸೂಚಿಸಿದರು. ಅಂಗವೈಕಲ್ಯವುಳ್ಳವರ ಅನೇಕ ಸಂಘಗಳು ಅದನ್ನು ಒಪ್ಪಲಿಲ್ಲ. ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ದಿವ್ಯತ್ವವನ್ನು ಕೊಟ್ಟು ಇಳಿಜಾರು ದಾರಿಯನ್ನು ಕೊಡದಿದ್ದರೆ ಏನು ಫಲ? ನಮ್ಮ ರಾಜ್ಯದ ಇಲಾಖೆಯ ಹೆಸರಾದರೋ ಇನ್ನೂ ವಿಚಿತ್ರ: ‘ವಿಕಲಚೇತನರು’. ಬಹುವ್ರೀಹಿಯನ್ನು ಬಿಡಿಸಿದರೆ, ಯಾರ ಚೇತನವು ವಿಕಲವಾಗಿದೆಯೋ ಅವರು ಎಂದು ಅರ್ಥ. ಕಾಲು ಸೊಟ್ಟಗಿರುವವನ ಚೈತನ್ಯಕ್ಕೆ ಏನಾಗಿದೆ? ವೈಕಲ್ಯವನ್ನು ಅಂಗದಿಂದ ಆತ್ಮಕ್ಕೆ ಸಾಗಿಸಿದ ಈ ಸಮಾಸಕ್ಕಿಂತ ‘ಅಂಗವೈಕಲ್ಯವುಳ್ಳವರು’ ಎಂಬ ನೇರವಾದ ಮಾತು ಎಷ್ಟೋ ಮೇಲು. ಹೆಸರಿಡುವ ಮೊದಲು ಆ ಹೆಸರನ್ನು ಹೊರುವವರನ್ನು ಕೇಳುವುದು ಎಲ್ಲಕ್ಕಿಂತ ಮೇಲು.

ಅಂಗವೈಕಲ್ಯವುಳ್ಳವರು ರಾಜಕೀಯದಲ್ಲಿ ಉಪಮಾನಗಳಲ್ಲ, ಪೌರರು. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿಯೇ ಅವರ ಸಂಖ್ಯೆ ೧೩ ಲಕ್ಷ ೨೪ ಸಾವಿರಕ್ಕೆ ಮೇಲಿತ್ತು. ದೃಷ್ಟಿಯಿಲ್ಲದ ಸಾಧನ್ ಗುಪ್ತರು ೧೯೫೩ರಲ್ಲಿಯೇ ಲೋಕಸಭೆಗೆ ಆರಿಸಿ ಬಂದರು. ಊರುಗೋಲುಗಳ ಮೇಲೆ ನಡೆಯುತ್ತಿದ್ದ ಜೈಪಾಲ ರೆಡ್ಡಿಯವರು ೧೯೯೮ರಲ್ಲಿ ಶ್ರೇಷ್ಠ ಸಂಸದೀಯಪಟುವೆಂಬ ಗೌರವವನ್ನು ಪಡೆದರು. ಅವರೊಡನೆ ಮತಭೇದವಿದ್ದವರು ಅವರ ನೀತಿಯನ್ನು ಖಂಡಿಸಬಹುದಾಗಿತ್ತು, ಖಂಡಿಸಿದರು, ಅದು ವಾದ. ಎಲ್ಲ ಮತಗಟ್ಟೆಗಳೂ ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂದು ೨೦೧೬ರ ಶಾಸನದ ೧೧ನೆಯ ಕಲಮು ಹೇಳುತ್ತದೆ. ಗಾಲಿಕುರ್ಚಿಯ ಮತದಾರನು ಅಷ್ಟು ದೂರ ಬಂದು ಮತ ಹಾಕುವುದು ಯಾರಿಗೆ? ಹಿಂದಿನ ದಿನ ಸಂಜೆ ಅವನ ದೇಹವನ್ನು ಬೈಗುಳವಾಗಿ ಬಳಸಿದ ಅಭ್ಯರ್ಥಿಗೆ!

ಇದರ ನಿವಾರಣೋಪಾಯವು ನಮ್ಮ ಕೈಯಲ್ಲಿಯೇ ಇದೆ. ನಮ್ಮ ಸಂಘಗಳ ಚರ್ಚಾಕೂಟಗಳಲ್ಲಿ ಅಂಗನಿಂದೆಯನ್ನು ಆಡಿದವನ ಆ ಮಾತನ್ನು ಅಧ್ಯಕ್ಷರು ಅಲ್ಲಿಯೇ ತಡೆದು, ‘ಅವರ ತಪ್ಪೇನೆಂಬುದನ್ನು ಹೇಳಿ’ ಎಂದು ಕೇಳಲಿ. ಪತ್ರಿಕೆಗಳ ಸಂಪಾದಕರು ‘ಕಿವುಡು ಸರ್ಕಾರ’ವೆಂಬ ತಲೆಬರಹವನ್ನು ಹೊಡೆದುಹಾಕಿ, ಎಷ್ಟು ಅರ್ಜಿಗಳು ಎಷ್ಟು ದಿನಗಳಿಂದ ಯಾರ ಮೇಜಿನ ಮೇಲಿವೆಯೆಂದು ಅಚ್ಚುಮಾಡಲಿ. ಉಪಾಧ್ಯಾಯರು ಅರಿಯದ ಹುಡುಗನನ್ನು ಕುರುಡನೆಂದೂ ಕೇಳದ ಹುಡುಗನನ್ನು ಕಿವುಡನೆಂದೂ ಕರೆಯುವುದನ್ನು ನಿಲ್ಲಿಸಲಿ. ಭಾಷಣಕಾರರು ಈ ಪಾಠವನ್ನು ಮೊದಲು ಕಲಿತದ್ದು ಶಾಲೆಯಲ್ಲಿ ಮತ್ತು ಮನೆಯ ಜಗುಲಿಯಲ್ಲಿ. ಹೀಗೆ ಮಾಡಿದಲ್ಲಿ ರಾಜಕೀಯದ ಮಾತು ತಣ್ಣಗಾಗುವುದೆಂಬ ಭಯ ಬೇಡ. ನೆಪವು ತಪ್ಪಿದ ಅಪರಾಧಿಗೆ ಅದು ಈಗಿನದಕ್ಕಿಂತ ಬಿಸಿಯಾಗಿಯೇ ತಟ್ಟುವುದು.