ಅವಳು ನಿಲ್ಲುತ್ತಿದ್ದ ಜಾಗ

ಕಡೂರಿನಲ್ಲೊಂದು ಶಾಸನವಿದೆ. ಕ್ರಿ.ಶ. 971ರದು. ಗಂಗರ ಬೂತುಗನ ಅಕ್ಕ, ಪಡಿಯರ ದೋರಪಯ್ಯನ ಮಡದಿ ಪಾಂಬಬ್ಬೆ ತಲೆಗೂದಲು ಕಿತ್ತುಕೊಂಡು ಜೈನ ಸನ್ಯಾಸಿನಿಯಾದಳು, ಮೂವತ್ತು ವರ್ಷ ತಪಸ್ಸು ಮಾಡಿ ತೀರಿಕೊಂಡಳು ಎನ್ನುತ್ತದೆ ಅದು. ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲುಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಕಂಬದಿಂದ ಚಾಚಿಕೊಂಡ ಬಳೆಗೈಯ ಮಾಸ್ತಿಕಲ್ಲುಗಳು ಎಷ್ಟೋ ಊರುಗಳ ಅಂಚಿನಲ್ಲಿ ಅರಿಶಿನ ಕುಂಕುಮ ಬಳಿಸಿಕೊಂಡು ನಿಂತಿವೆ. ಸತಿ ಹೋದ ಆ ಹೆಣ್ಣು ಯಾವ ಹಾಡು ಹೇಳುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು ಎಂದರೆ ಕಲ್ಲು ಸುಮ್ಮನಿರುತ್ತದೆ. ಅವಳು ಹೇಗೆ ಸತ್ತಳು ಎಂಬುದೊಂದೇ ಅದಕ್ಕೆ ಗೊತ್ತು. ಪಾಂಬಬ್ಬೆಯ ಶಾಸನ ಹಾಗಲ್ಲ. ಅವಳು ಬದುಕಿದ ಮೂವತ್ತು ವರ್ಷವನ್ನೂ ಅದು ಲೆಕ್ಕಕ್ಕೆ ಹಿಡಿದಿದೆ.

ಈ ಮಾತು ನೆನಪಾಗಲು ಒಂದು ಆಟ ಕಾರಣ. ಅದರ ಹೆಸರು ಜಿಯೋಕ್ಯಾಶಿಂಗ್. 2000ನೇ ಇಸವಿಯ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ನೂರು ಮೀಟರ್ ಆಚೀಚೆ ತೋರಿಸುತ್ತಿದ್ದ ಯಂತ್ರ ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮರುದಿನವೇ ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬಾತ ಒಂದು ಬಕೆಟ್ಟನ್ನು ಕಾಡಿನಂಚಿನಲ್ಲಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಲೋಕಕ್ಕೆಲ್ಲ ಸಾರಿದ. ಹುಡುಕಿಕೊಂಡು ಬಂದವರು ಒಂದು ವಸ್ತು ಒಯ್ಯಬಹುದು, ಇನ್ನೊಂದನ್ನು ಇಡಬೇಕು, ಅಲ್ಲಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕು. ಇಷ್ಟೇ ಆಟ. ಈಗ ಜಗತ್ತಿನಾದ್ಯಂತ ಇಂಥ ಲಕ್ಷಾಂತರ ಡಬ್ಬಿಗಳಿವೆ. ತೀರಿಹೋದ ಗಂಡನ ಅಥವಾ ಹೆಂಡತಿಯ ನೆನಪಿಗೆ ಹಳ್ಳಿಗಾಡಿನ ದಾರಿಯುದ್ದಕ್ಕೂ ಡಬ್ಬಿ ಇಟ್ಟವರೂ ಇದ್ದಾರೆ. ಗುರುತು ಪರಿಚಯವಿಲ್ಲದವರು ಬಂದು, ತೀರಿಹೋದವರು ನಡೆದ ದಾರಿಯಲ್ಲಿ ನಡೆದು, ಅವರು ಕಂಡದ್ದನ್ನು ಕಂಡು ಹೋಗಲಿ ಎಂಬ ಆಸೆ.

ನಮ್ಮ ಕಡೆ ಅಂಥದೊಂದು ದಾರಿ ಮಾಡುವುದಾದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಈ ಮೂಲೆಗಿಂತ ಒಳ್ಳೆಯ ಜಾಗ ಸಿಗಲಾರದು. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದು ಸಖರಾಯಪಟ್ಟಣದ ಅಯ್ಯನಕೆರೆ ತುಂಬುತ್ತದೆ, ಇನ್ನೊಂದು ಮದಗದ ಕೆರೆ ತುಂಬುತ್ತದೆ. ಕಡೂರಿನ ಬಳಿ ಎರಡೂ ಸೇರಿ ವೇದಾವತಿಯಾಗುತ್ತವೆ. ದಾಂಪತ್ಯಕ್ಕೆ ಇದಕ್ಕಿಂತ ಒಪ್ಪುವ ನಕ್ಷೆ ಬೇಕೆ? ಆಮೇಲೆ ಅಜ್ಜಂಪುರದ ಈರುಳ್ಳಿ ಹೊಲ, ಅಮೃತಮಹಲ್ ಹಸುಗಳ ಕಾವಲು. 'ಹೆಂಡತಿಯ ಕಾಗದ' ಬರೆದ 'ಆನಂದ' ಎಂಬ ಅಜ್ಜಂಪುರ ಸೀತಾರಾಂ ಈ ಊರನ್ನು ಹೆಸರಿನಲ್ಲೇ ಹೊತ್ತವರು. ತರೀಕೆರೆಯ ಕಡೆಗೆ ಹೊರಳಿದರೆ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯ, ಅಲ್ಲಿ ಕವಿ ಜನ್ನ ಬರೆದ ಶಾಸನ, ಅಡಿಕೆ ತೋಟದ ತಂಪು. ಬಯಲುಸೀಮೆಯಿಂದ ಮಲೆನಾಡಿನ ಮಡಿಲಿಗೆ ಒಂದೇ ದಿನದಲ್ಲಿ ತಲುಪಬಹುದು.

ಬೀರೂರಿನ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡ ಹೆಂಡತಿಯ ನೆನಪಿಗೆ ಈ ದಾರಿ ಮಾಡಹೊರಟರು ಎಂದುಕೊಳ್ಳಿ. ಮೊದಲ ತೊಡಕು ಸುಲಭದ್ದು. ದೇವಾಲಯದ ಕಲ್ಲಿನ ಸಂದಿಯಲ್ಲಿ ಏನನ್ನೂ ಇಡಬಾರದು, ಭದ್ರಾ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ರೈಲು ನಿಲ್ದಾಣದಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರು ಓಡಿ ಬರುತ್ತಾರೆ. ಹಾಗಾಗಿ ಪಂಚಾಯಿತಿಗೆ ಹೇಳಿ, ತೋಟದವರನ್ನು ಕೇಳಿ, ಡಬ್ಬಿಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಇಡಬೇಕು. ಇದೆಲ್ಲ ಆಗುವ ಕೆಲಸ.

ಎರಡನೆಯ ತೊಡಕು ಹಾಗಲ್ಲ. ಡಬ್ಬಿ ಎಲ್ಲಿಡಬೇಕು? ಅಮೃತಾಪುರ ಎಂದು ಮೇಷ್ಟ್ರು ತಟ್ಟನೆ ಹೇಳುತ್ತಾರೆ, ಅಲ್ಲಿ ಇಬ್ಬರೂ ನಿಂತ ಫೋಟೊ ಇದೆ. ಅಯ್ಯನಕೆರೆ ಎನ್ನುತ್ತಾರೆ, ಒಮ್ಮೆ ಮಕ್ಕಳ ಜೊತೆ ಹೋಗಿದ್ದರು. ಮೂರನೆಯದು ಎಲ್ಲಿ ಎಂದರೆ ಮಾತು ತಡವರಿಸುತ್ತದೆ. ಹೇಳಿದ ಎರಡೂ ಅವರು ಅವಳನ್ನು ಕರೆದುಕೊಂಡು ಹೋದ ಜಾಗಗಳು. ಅವಳಾಗಿಯೇ ಹೋಗಿ ನಿಲ್ಲುತ್ತಿದ್ದ ಜಾಗ ಯಾವುದು? ತವರಿನ ಬಸ್ಸಿಗೆ ಕಾಯುತ್ತ ಕೂರುತ್ತಿದ್ದ ಅರಳಿಕಟ್ಟೆ ಯಾವುದು? ಸಂತೆಯಲ್ಲಿ ಯಾರ ಹತ್ತಿರ ಬಳೆ ತೊಡಿಸಿಕೊಳ್ಳುತ್ತಿದ್ದಳು? ಮನಸ್ಸು ಮುರಿದ ದಿನ ಯಾವ ಬಾವಿಯ ಹತ್ತಿರ, ಯಾರ ಮುಂದೆ ಹೇಳಿಕೊಂಡಳು? ಇದನ್ನೆಲ್ಲ ತಿಳಿಯಲು ಮೇಷ್ಟ್ರು ನಾದಿನಿಗೆ ಫೋನು ಮಾಡಬೇಕು, ಪಕ್ಕದ ಮನೆಯ ಅಜ್ಜಿಯ ಜಗುಲಿಯ ಮೇಲೆ ಕೂರಬೇಕು. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದವಳ ವಿಳಾಸವನ್ನು ಊರವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ಉಪಗ್ರಹಕ್ಕೆ ಅವಳ ಮನೆಯ ಬಾಗಿಲು ಗೊತ್ತಿದೆ, ಕಟ್ಟೆ ಗೊತ್ತಿಲ್ಲ. ಗಂಡನಿಗೂ ಅಷ್ಟೇ ಗೊತ್ತಿದ್ದರೆ ಇಬ್ಬರಿಗೂ ಏನು ವ್ಯತ್ಯಾಸ?

ಸಂಗಾತಿಗಾಗಿ ದಾರಿ ಮಾಡಿದವರು ನಮ್ಮಲ್ಲಿ ಇಲ್ಲದೆ ಇಲ್ಲ. ಬಿಹಾರದ ದಶರಥ ಮಾಂಝಿ, ಬೆಟ್ಟ ದಾಟುವಾಗ ಬಿದ್ದು ಗಾಯಗೊಂಡ ಹೆಂಡತಿ ಫಲ್ಗುಣಿಗಾಗಿ 1960ರಿಂದ 1982ರವರೆಗೆ ಉಳಿ ಸುತ್ತಿಗೆ ಹಿಡಿದು ಗೆಹ್ಲೌರ್ ಬೆಟ್ಟವನ್ನೇ ಸೀಳಿದರು. ಅವಳು ದಿನವೂ ಯಾವ ಕಲ್ಲನ್ನು ತುಳಿಯುತ್ತಿದ್ದಳು ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ದಾರಿ ಎಲ್ಲಿ ಬೇಕು ಎಂಬುದೂ ಗೊತ್ತಾಯಿತು. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕು ಕಿಲೋಮೀಟರ್ ಆಲದ ಸಾಲನ್ನು ತಿಮ್ಮಕ್ಕ ಒಬ್ಬರೇ ಬೆಳೆಸಲಿಲ್ಲ. ಗಂಡ ಚಿಕ್ಕಯ್ಯನವರೂ ಜೊತೆಗೆ ನೀರು ಹೊತ್ತರು. ಅವರು 1991ರಲ್ಲಿ ಹೋದರು, ತಿಮ್ಮಕ್ಕ 2025ರ ನವೆಂಬರ್‌ನಲ್ಲಿ. ಆ ಸಾಲಿನ ನೆರಳಲ್ಲಿ ಹೋಗುವವರು ಯಾವ ಪುಸ್ತಕದಲ್ಲೂ ಹೆಸರು ಬರೆಯುವುದಿಲ್ಲ. ದಾರಿ ಮಾತ್ರ ಇಬ್ಬರದೂ ಆಗಿ ಉಳಿದಿದೆ.

ಡಬ್ಬಿ ಬಚ್ಚಿಡುವ ಆಟದಲ್ಲಿ ನನಗೆ ಹಿಡಿಸಿದ್ದು ಇದೇ: ಬಚ್ಚಿಡುವವನಿಗೆ ಜಾಗ ಗೊತ್ತಿರಲೇಬೇಕು. ಸಮಾಧಿಗೆ ಹಣವಿದ್ದರೆ ಸಾಕು, ಫ್ಲೆಕ್ಸಿಗೆ ಒಂದು ಫೋಟೊ ಸಾಕು, ಪುಣ್ಯತಿಥಿಯ ಜಾಹೀರಾತಿಗೆ ಅದೂ ಬೇಡ. ಈ ದಾರಿಗೆ ಮಾತ್ರ ಅವಳ ದಿನಚರಿ ಗೊತ್ತಿರಬೇಕು. ಡಬ್ಬಿಯೊಳಗಿನ ಪುಸ್ತಕದ ಮೊದಲ ಪುಟವನ್ನು ಬರೆಯಬೇಕಾದವನು ಗಂಡನೇ. ಪಾಂಬಬ್ಬೆಯ ಶಾಸನ ಬರೆದವನು ಮೂವತ್ತು ವರ್ಷವನ್ನು ಕಲ್ಲಿನಲ್ಲಿ ಮೂಡಿಸಿದ. ನಮಗೆ ಪೆನ್ನು, ಹಾಳೆ, ಫೋನು ಎಲ್ಲವೂ ಇವೆ.

ನಿಮ್ಮ ಹೆಂಡತಿಗೋ ಗಂಡನಿಗೋ ಇಷ್ಟವಾದ ಐದು ಜಾಗಗಳನ್ನು, ಅವರನ್ನು ಕೇಳದೆ, ಒಂದು ಚೀಟಿಯಲ್ಲಿ ಬರೆಯಿರಿ. ಎರಡಕ್ಕೇ ನಿಂತುಹೋದರೆ ಇವತ್ತು ಸಂಜೆ ಕಾಫಿ ಹೊತ್ತಿಗೆ ಅವರನ್ನೇ ಕೇಳಿ. ಡಬ್ಬಿ ಆಮೇಲೆ ಕೊಂಡರಾಯಿತು.