‘ಕ್ರೋಮ್‌ನಲ್ಲಿ ಓಪನ್ ಮಾಡಿ ಸಾರ್’

ಇಲ್ಲಿ ಏನೂ ಬರೆಯದೆ ತಿಂಗಳುಗಳೇ ಆದವು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದರೆ ಹೋದ ವಾರ ಅಪ್ಪನ ಫೋನು ಬಂದ ಮೇಲೆ ತಲೆ ಕೆಟ್ಟು ಹೋಗಿದೆ. ಇವತ್ತು ಬರೆಯದಿದ್ದರೆ ನಿದ್ದೆ ಬರಲಿಕ್ಕಿಲ್ಲ.

ನಮ್ಮ ಮನೆ ಸುಳ್ಯ ತಾಲೂಕಿನ ಪಂಜದ ಹತ್ತಿರ. ತೋಟದ್ದೊಂದು ಅರ್ಜಿ ಆನ್‌ಲೈನಿನಲ್ಲಿ ತುಂಬಬೇಕಿತ್ತು. (ಯಾವ ಸೈಟು ಅಂತ ಕೇಳಬೇಡಿ, ಇಂಥವು ಬೇಕಾದಷ್ಟಿವೆ.) ಅಪ್ಪ ಗುಡ್ಡೆಯ ಮೇಲೆ, ನೆಟ್‌ವರ್ಕ್ ಸಿಗುವ ಗೇರುಮರದ ಬುಡದಲ್ಲಿ ನಿಂತು, ಹಳೇ ಫೋನಿನಲ್ಲಿ ಒಂದು ಗಂಟೆ ಕುಟ್ಟಿ ಸರ್ವೆ ನಂಬರು, ಬ್ಯಾಂಕ್ ಖಾತೆ ಎಲ್ಲಾ ತುಂಬಿಸಿದ್ದಾರೆ. ಆಮೇಲೆ ನನಗೆ ಫೋನು.

“ತುಂಬಿಸಿ ಆಯ್ತು. ಇನ್ನೆಂಥ ಮಾಡುದು?”

“ಕೆಳಗೆ ‘ಸಲ್ಲಿಸಿ’ ಅಂತ ಬಟನ್ ಉಂಟಲ್ಲ ಅಪ್ಪ, ಅದನ್ನು ಒತ್ತಿ.”

“ಎಲ್ಲಿ ಉಂಟು ಮಾರಾಯ? ಇಲ್ಲಿ ಅಂಥದ್ದೆಂಥದೂ ಇಲ್ಲ.”

ಬೆಂಗಳೂರಿನಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಬಟನ್ ಚೆಂದಕ್ಕೆ ಕಾಣುತ್ತಿತ್ತು. ಸಹಾಯವಾಣಿಗೆ ಫೋನು ಮಾಡಿದರೆ ಒಂದೇ ಮಾತು: “ಕ್ರೋಮ್‌ನಲ್ಲಿ ಓಪನ್ ಮಾಡಿ ಸಾರ್, ಲೇಟೆಸ್ಟ್ ವರ್ಷನ್.” ಅಪ್ಪ ಬಳಸುವುದು ಫೋನಿನ ಜತೆಗೇ ಬಂದ ಬ್ರೌಸರು. ಕ್ರೋಮ್ ಅಪ್‌ಡೇಟ್ ಮಾಡೋಣವೆಂದರೆ ಫೋನಿನಲ್ಲಿ ಜಾಗವಿಲ್ಲ. ಮರುದಿನ ಅಡಿಕೆ ಕೊಯ್ಯುವವರನ್ನು ತೋಟದಲ್ಲಿ ಬಿಟ್ಟು ಕಡಬಕ್ಕೆ ಹೋದರು, ಅಲ್ಲಿ ಕರೆಂಟಿಲ್ಲ. ಅಲ್ಲಿಂದ ಪುತ್ತೂರಿಗೆ ಬಸ್ಸು ಹತ್ತಿ, ಕಂಪ್ಯೂಟರ್ ಅಂಗಡಿಯವರಿಗೆ ದುಡ್ಡು ಕೊಟ್ಟು, ಅರ್ಜಿ ಹಾಕಿಸಿ ಕತ್ತಲಾದ ಮೇಲೆ ಮನೆಗೆ ಬಂದರು. ಒಂದು ಬಟನ್ ಒತ್ತಲಿಕ್ಕೆ ಒಂದು ದಿನ!

ಅವತ್ತು ರಾತ್ರಿ ಆ ಪುಟದ ಸಿಎಸ್‌ಎಸ್ ತೆರೆದು ನೋಡಿದೆ. ಪುಟದ ಎತ್ತರ ‘100 ವಿಎಚ್’ ಅಂತ ಬರೆದು, ಸ್ಕ್ರೋಲ್ ಆಗದಂತೆ ಬೀಗ ಹಾಕಿದ್ದರು. ಎಷ್ಟೋ ಮೊಬೈಲ್ ಬ್ರೌಸರುಗಳಲ್ಲಿ ಆ ನೂರರ ಲೆಕ್ಕಕ್ಕೆ ಮೇಲಿನ ವಿಳಾಸಪಟ್ಟಿ ಕೂತಿರುವ ಜಾಗವೂ ಸೇರುತ್ತದೆ. ಅಷ್ಟು ಭಾಗ ಕೆಳಗಡೆ ಪರದೆಯಿಂದ ಹೊರಗೆ ಹೋಗುತ್ತದೆ. ಬಟನ್ ಇದ್ದದ್ದು ಸರಿಯಾಗಿ ಅಲ್ಲಿ. ಇದಕ್ಕೆಂದೇ ‘ಡಿವಿಎಚ್’ ಅನ್ನುವ ಅಳತೆ 2022ರಲ್ಲಿ ಬ್ರೌಸರುಗಳಿಗೆ ಬಂತು. ಅದೂ ಬೇಡ, ಆ ಬೀಗ ತೆಗೆದಿದ್ದರೆ ಸಾಕಿತ್ತು. ಒಂದು ಸಾಲು ಸ್ವಾಮೀ, ಒಂದೇ ಸಾಲು.

ಹಳೇ ಬ್ಲಾಗಿಗರಿಗೆ ಈ ಕಥೆ ಹೊಸತಲ್ಲ. ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ’ ಅನ್ನುವ ಬೋರ್ಡು ನೆನಪಿರಬೇಕಲ್ಲ? ಫೈರ್‌ಫಾಕ್ಸ್ 2ರಲ್ಲಿ ಎರಡೂ ಅಂಚು ಸಮ ಮಾಡಿದ ಕನ್ನಡ ಪುಟ ತೆರೆದರೆ ಕಾಗುಣಿತ ಒಂದು ಕಡೆ, ಅಕ್ಷರ ಒಂದು ಕಡೆ. 2008ರಲ್ಲಿ ಫೈರ್‌ಫಾಕ್ಸ್ 3 ಬಂದ ಮೇಲೆಯೇ ಅದು ಸರಿಯಾದದ್ದು. ಆಂಡ್ರಾಯ್ಡ್‌ಗೆ ಕನ್ನಡ ಬಂದದ್ದು 2012ರ 4.1ರಲ್ಲಿ. ಅದಕ್ಕೂ ಮೊದಲು ಒಪೆರಾ ಮಿನಿಯಲ್ಲಿ ಅಕ್ಷರಗಳನ್ನು ಚಿತ್ರ ಮಾಡಿಸಿಕೊಂಡು ಓದಿದವರು ನಿಮ್ಮಲ್ಲೇ ಇದ್ದೀರಿ. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರನ್ನು ಮನೆಗೆ ಕಳಿಸಿತು. ಬೋರ್ಡು ಮಾತ್ರ ಹೆಸರು ಬದಲಿಸಿಕೊಂಡು ಇನ್ನೂ ನೇತಾಡುತ್ತಿದೆ.

“ಈಗ ಹೆಚ್ಚುಕಮ್ಮಿ ಎಲ್ಲವೂ ಕ್ರೋಮೇ ಅಲ್ವಾ? ಒಪೆರಾ 2013ರಲ್ಲಿ, ಎಡ್ಜ್ 2020ರಲ್ಲಿ ಅದೇ ಇಂಜಿನ್ನಿಗೆ ಬಂದವು” ಅಂತ ಆಫೀಸಿನಲ್ಲಿ ವಾದ ಮಾಡುವವರಿದ್ದಾರೆ. ಫೈರ್‌ಫಾಕ್ಸ್ ಬಿಡಿ, ಐಫೋನಿನ ಕ್ರೋಮ್ ಕೂಡ ನಮ್ಮ ದೇಶದಲ್ಲಿ ಒಳಗಿಂದ ಸಫಾರಿಯ ಇಂಜಿನ್ನೇ. ಸರಿ, ಇಂಜಿನ್ ಒಂದೇ ಅಂತಲೇ ಇಟ್ಟುಕೊಳ್ಳೋಣ. ಫಾಂಟು? ವಿಂಡೋಸ್‌ನಲ್ಲಿ ಮೊದಲು ತುಂಗಾ, ಆಮೇಲೆ ನಿರ್ಮಲಾ. ಆಂಡ್ರಾಯ್ಡ್‌ನಲ್ಲಿ ನೋಟೋ. ಆಪಲ್‌ನಲ್ಲಿ ಹಿಂದೆ ಸಂಗಮ್. ಒಂದೊಂದರ ಎತ್ತರ, ಒತ್ತಕ್ಷರ ಇಳಿಯುವ ಆಳ ಒಂದೊಂದು ಥರ. ಇಂಗ್ಲಿಷಿಗೆ ಅಳತೆ ಹಿಡಿದ ಪೆಟ್ಟಿಗೆಯಲ್ಲಿ ಕನ್ನಡ ತುರುಕಿದರೆ ಕಾಲು ಕಡಿಯುತ್ತದೆ. ಆ ಅರ್ಜಿಯ ತಾಲೂಕು ಪಟ್ಟಿಯಲ್ಲೇ ನೋಡಿದೆ: ಪುತ್ತೂರು ‘ಪುತೂರು’ ಆಗಿತ್ತು, ಸುಳ್ಯದ ಯ-ಒತ್ತು ಅರ್ಧಕ್ಕೆ ತುಂಡು. ಕಡಬದವರು ಬಚಾವ್, ಅವರ ಊರಿನ ಹೆಸರಲ್ಲಿ ಒತ್ತೇ ಇಲ್ಲ :-) ನಗು ಬರುತ್ತದೆ ನಿಜ, ಆದರೆ ಒತ್ತು ಬಿದ್ದರೆ ಹಳ್ಳಿ ಹಳಿಯಾಗುತ್ತದೆ, ಕತ್ತೆ ಕತೆಯಾಗುತ್ತದೆ. ದುಡ್ಡಿನ ವ್ಯವಹಾರದ ಪುಟದಲ್ಲಿ ಇದು ಬೇಕಾ?

ನಾನೂ ಸಾಚಾ ಅಲ್ಲ. ದಿನಾಂಕ, ಸಮಯದ ನಡುವೆ ಬರೀ ಖಾಲಿ ಜಾಗ ಬಿಟ್ಟು ಬರೆದು, ಸಫಾರಿಯಲ್ಲಿ ಇಡೀ ಪುಟ ಬೀಳಿಸಿದ ಕೀರ್ತಿ ನನಗಿದೆ. ಆಗ ನಾನು ಹೇಳಿದ್ದೂ ಇದೇ: “ಅಂಕಿಅಂಶ ನೋಡಿ, ಆ ಬ್ರೌಸರಿನಿಂದ ಯಾರೂ ಅರ್ಜಿ ಹಾಕಿಯೇ ಇಲ್ಲ.” ಹಾಕುವುದು ಹೇಗೆ? ಅಂಗಡಿಗೆ ಹೊರಗಿಂದ ಬೀಗ ಹಾಕಿ, ಒಳಗೆ ಕೂತು ಗಿರಾಕಿ ಬರಲೇ ಇಲ್ಲ ಅಂತ ಲೆಕ್ಕ ಬರೆದ ಹಾಗೆ.

ಎಲ್ಲಾ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಾಣಬೇಕು ಅಂತ ನಾನು ಹೇಳುತ್ತಿಲ್ಲ. ನೆರಳು, ಬಣ್ಣ, ಮೂಲೆಯ ದುಂಡು ಹೇಗಾದರೂ ಇರಲಿ. ಓದಲಿಕ್ಕಾಗಬೇಕು, ಬಟನ್ ಸಿಗಬೇಕು. ಪೆಟ್ಟಿಗೆಗಳ ಎತ್ತರ ಕಟ್ಟಿಹಾಕಬೇಡಿ, ಸಾಲಿನ ನಡುವೆ ಧಾರಾಳ ಜಾಗ ಬಿಡಿ. ಪರೀಕ್ಷೆಗೆ ಇಂಗ್ಲಿಷ್ ಪದ ಹಾಕುವ ಬದಲು ‘ರಾಷ್ಟ್ರ’, ‘ಸ್ತ್ರೀ’, ‘ಉಪ್ಪಿನಂಗಡಿ’ ಹಾಕಿ. ಆಮೇಲೆ ಮನೆಯಲ್ಲಿ ಯಾರದ್ದಾದರೂ ಹಳೇ ಫೋನು ಇಸಕೊಂಡು ಒಮ್ಮೆ ತೆರೆದು ನೋಡಿ. ನಮ್ಮ ಬ್ಲಾಗುಗಳ ಪುಕ್ಕಟೆ ಟೆಂಪ್ಲೇಟುಗಳಿಗೂ ಈ ಮಾತು ಸಲ್ಲುತ್ತದೆ. ತಲೆಬರಹದ ಕಾಲು ಕಡಿದ ಬ್ಲಾಗುಗಳನ್ನು ಈ ವಾರದಲ್ಲೇ ಮೂರು ನೋಡಿದೆ. ಹೆಸರು ಹೇಳುವುದಿಲ್ಲ, ಅದರಲ್ಲಿ ಒಂದು ನನ್ನದೇ.

ಅಪ್ಪ ಈಗ ಹೊಸ ಫೋನು ತೆಗೆಯುತ್ತೇನೆ ಅನ್ನುತ್ತಿದ್ದಾರೆ. “ನನ್ನದು ಹಳತಾಯ್ತಲ್ಲ, ಅದಕ್ಕೇ ಹಾಗೆ ಆದದ್ದು” ಅಂತ ಅವರ ವಾದ. ಅಲ್ಲ ಅಪ್ಪ, ತಪ್ಪು ನಮ್ಮಂಥವರದ್ದು ಅಂತ ಮೂರು ಸಲ ಹೇಳಿದೆ. ನಂಬಲಿಲ್ಲ.